ಅಲ್ಪ ಉಷ್ಣಕ್ಕೆ ಕರಗುವ ಲೋಹಗಳು

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಸಂಗತಿಯು ನನಗೆ ಭೂಷಣಪ್ರಾಯವಾದುದಲ್ಲ. ಆದರೂ ಅದೇ ಪ್ರಮಾದವು ಬೇರೆ ಮನೆಗಳಲ್ಲಿ ಆಗಬಾರದೆಂಬ ಉದ್ದೇಶದಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಅಂದು ನಮ್ಮ ಮನೆಯವರು ಕುಕ್ಕರಿನಲ್ಲಿ ತೊಗರಿಬೇಳೆಯನ್ನಿಟ್ಟು, "ಮೂರು ಸೀಟಿ ಆದಕೂಡ್ಲೆ ಆರಸ್ರಿ" ಎಂದು ಹೇಳಿ ನೆರೆಮನೆಗೆ ಹೋದರು. ನಾನು ಪಡಸಾಲೆಯಲ್ಲಿ ರಘುವಂಶವನ್ನು ಹಿಡಿದುಕೊಂಡು ಕುಳಿತಿದ್ದೆನು. ಕಾಳಿದಾಸನ ಸನ್ನಿಧಿಯಲ್ಲಿ ಸೀಟಿಯ ಲೆಕ್ಕವು ಯಾರಿಗೆ ನೆನಪಿರುತ್ತದೆ? ಮೂರು ಹೋಗಿ ಎಷ್ಟಾದವೋ ತಿಳಿಯದು. ನೀರೆಲ್ಲ ಉಗಿಯಾಗಿ ಹೊರಟುಹೋಗಿ, ಬೇಳೆ ಸೀದ ವಾಸನೆಯು ಮೂಗಿಗೆ ಬಂದಾಗ ಎಚ್ಚತ್ತೆನು. ಅಷ್ಟರಲ್ಲಿ ಭುಸ್ಸೆಂದು ದೊಡ್ಡ ಸಪ್ಪಳವಾಯಿತು. ಓಡಿಹೋಗಿ ಉರಿಯನ್ನು ಆರಿಸಿ ನೋಡಿದರೆ ಕುಕ್ಕರು ಇಡಿಯಾಗಿಯೇ ಇದೆ, ಮುಚ್ಚಳವೂ ಸರಿಯಾಗಿದೆ. ಅಂಗಡಿಯವರು ಸೇಫ್ಟಿ ವಾಲ್ವ್ ಎಂದು ಕರೆಯುವ ಚಿಕ್ಕ ಗುಂಡಿಯ ನಡುವಿನ ಲೋಹವು ಮಾತ್ರ ಕರಗಿಹೋಗಿ ಅಲ್ಲೊಂದು ರಂಧ್ರವಾಗಿದೆ.

ಹತ್ತು ವರ್ಷದ ಮೊಮ್ಮಗಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದಳು: "ಅಜ್ಜಾ, ಉರಿ ಒಂದ ಅದ. ಕುಕ್ಕರ್ ಗಟ್ಟಿ ಉಳೀತು, ಇದಷ್ಟ ಯಾಕ ಕರಗಿತು?"

ನಾನು ನಾಲ್ಕು ದಶಕಗಳ ಮಾಸ್ತರಿಕೆಯ ಗಾಂಭೀರ್ಯದಿಂದ, "ಅದು ಹೀನ ಲೋಹ, ಕೂಸ. ಬಲ ಇಲ್ಲದ್ದು ಮೊದಲು ಸೋಲತದ" ಎಂದುಬಿಟ್ಟೆನು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪೇಟೆಗೆ ಹೋಗುವ ಆಲಸ್ಯದಿಂದ, ಹಳೆಯ ಡಬ್ಬಿಯಲ್ಲಿದ್ದ ಹಿತ್ತಾಳೆಯ ಒಂದು ತಿರುಪುಮೊಳೆಯನ್ನು ಆ ರಂಧ್ರಕ್ಕೆ ಬಿಗಿಯಾಗಿ ಕೂಡ್ರಿಸಿ, ದುರಸ್ತಿಯಾಯಿತೆಂದು ಮನೆಯವರಿಗೆ ತೋರಿಸಿ ಬೀಗಿದೆನು.

ಸಂಕ್ರಾಂತಿಯ ದಿನ ಕುಸರೆಳ್ಳು ಕೊಡಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಇವನು ಇಲ್ಲಿಯೇ ನಮ್ಮ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುದುಪಕರಣಗಳಿಗೆ ಬೆಸುಗೆ ಹಾಕುವ ಕೆಲಸದವನು. ನನ್ನ ಕೌಶಲವನ್ನು ಅವನಿಗೂ ತೋರಿಸಿದೆನು. ಮುಚ್ಚಳವನ್ನು ನೋಡಿದ ಕೂಡಲೆ ಅವನ ಮುಖವು ಬಿಳುಪೇರಿತು. "ಗುರುಗಳ, ಬಾಗಲಾ ಕಾಯೋ ನಾಯಿ ಬಾಯಿಗೆ ಬಟ್ಟಿ ತುರುಕೀರಲ್ರಿ!" ಎಂದು, ಆ ಮೊಳೆಯನ್ನು ಕಿತ್ತು ಕಿಸೆಗೆ ಹಾಕಿಕೊಂಡು, ತಾನೇ ಪೇಟೆಗೆ ಹೋಗಿ ಆ ಕುಕ್ಕರಿಗೆ ಸಲ್ಲುವ ಗುಂಡಿಯನ್ನೇ ತಂದು ಹಾಕಿಕೊಟ್ಟನು.

ಹೀಗೆ ನನ್ನಿಂದಾದ ತಪ್ಪುಗಳು ಎರಡು. ಮೊಳೆ ಹೊಡೆದದ್ದು ಒಂದು; ಮಗುವಿಗೆ ತಪ್ಪು ಉತ್ತರ ಹೇಳಿದ್ದು ಇನ್ನೊಂದು. ಮೊದಲನೆಯದನ್ನು ಶಿಷ್ಯನು ತಿದ್ದಿದನು. ಎರಡನೆಯದಕ್ಕೆ ಈ ಲೇಖನವೇ ಪ್ರಾಯಶ್ಚಿತ್ತ.

ಲೋಹಗಳ ಪಂಕ್ತಿ

ಮೊದಲು ಲೋಹಗಳು ಎಷ್ಟೆಷ್ಟು ಉಷ್ಣಕ್ಕೆ ಕರಗುತ್ತವೆಂಬದನ್ನು ನೋಡೋಣ. ಇಲ್ಲಿ ಅಂಶವೆಂದರೆ ಸೆಲ್ಸಿಯಸ್ ಮಾನದ ಡಿಗ್ರಿ ಎಂದು ತಿಳಿಯತಕ್ಕದ್ದು. ನೀರ್ಗಲ್ಲು ಕರಗುವದು ಸೊನ್ನೆಗೆ, ನೀರು ಕುದಿಯುವದು ೧೦೦ಕ್ಕೆ.

ವಿದ್ಯುದ್ದೀಪದೊಳಗಿನ ತಂತಿಗೆ ಬಳಸಿದ ಟಂಗ್‌ಸ್ಟನ್ ೩೪೨೨ ಅಂಶಕ್ಕೆ ಕರಗುವದು. ಲೋಹಗಳಲ್ಲಿ ಇದಕ್ಕಿಂತ ಹಟಮಾರಿಯಾದದ್ದು ಇಲ್ಲ. ಕಬ್ಬಿಣವು ೧೫೩೮, ತಾಮ್ರವು ೧೦೮೫, ಬಂಗಾರವು ೧೦೬೪, ಬೆಳ್ಳಿಯು ೯೬೨, ಕುಕ್ಕರಿನ ಅಲ್ಯುಮಿನಿಯಮ್ಮು ೬೬೦. ಇಲ್ಲಿಂದ ಕೆಳಗೆ ಇಳಿದರೆ ಸತುವು ೪೧೯. ನಮ್ಮ ಬೀದರಿನ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ, ಮಣ್ಣಿನ ಅಚ್ಚಿನಲ್ಲಿ ಎರೆದು, ಅದರ ಮೇಲೆ ಬೆಳ್ಳಿಯ ಕುಸುರಿಯನ್ನು ಕೂಡಿಸಿ ಬಿದರಿಯ ಪಾತ್ರೆಗಳನ್ನು ಮಾಡುವದು ಲೋಕಪ್ರಸಿದ್ಧವಾಗಿದೆ. ಸೀಸವು ೩೨೭, ಬಿಸ್ಮತ್ ೨೭೧, ಕಲಾಯಿಯ ತವರವು ೨೩೨. ಅಡಿಗೆಯ ಉಪ್ಪಿನೊಳಗೆ ಅಡಗಿರುವ ಸೋಡಿಯಮ್ ಎಂಬ ಲೋಹವು ೯೮, ಅಂದರೆ ಕುದಿಯುವ ನೀರಿಗಿಂತ ಕಡಿಮೆ. ಗ್ಯಾಲಿಯಮ್ ಎಂಬದು ೩೦ಕ್ಕೂ ಕಿಂಚಿತ್ ಕಡಿಮೆ. ಚೈತ್ರ ವೈಶಾಖಗಳ ಧಾರವಾಡದ ಮಧ್ಯಾಹ್ನದಲ್ಲಿ ಮೇಜಿನ ಮೇಲಿಟ್ಟರೆ ತಾನೇ ನೀರಾಗುವದು, ಅಂಗೈಯಲ್ಲಿ ಹಿಡಿದರೆ ಮಾಘದಲ್ಲಿಯೂ ನೀರಾಗುವದು. ಕಡೆಗೆ ಪಾದರಸ. ಅದು ಸೊನ್ನೆಗಿಂತ ೩೯ ಅಂಶ ಕೆಳಗೇ ಕರಗಿಬಿಟ್ಟಿರುವದರಿಂದ ನಾವು ಅದನ್ನು ದ್ರವವಾಗಿಯೇ ಕಾಣುತ್ತೇವೆ.

ಎಲ್ಲವೂ ಲೋಹಗಳೇ; ಎಲ್ಲಕ್ಕೂ ಹೊಳಪಿದೆ, ವಿದ್ಯುತ್ತನ್ನು ಒಯ್ಯುವ ಗುಣವಿದೆ. ಹೀಗಿರುವಾಗ ೩೪೨೨ ಎಲ್ಲಿ, ಸೊನ್ನೆಯ ಕೆಳಗಿನ ೩೯ ಎಲ್ಲಿ? ಇಷ್ಟು ಅಂತರಕ್ಕೆ ಕಾರಣವೇನು?

ಕರಗುವದೆಂದರೇನು?

ಕರಗುವದೆಂದರೆ ಬಲ ಸೋಲುವದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ನಾನೂ ಮೊಮ್ಮಗಳಿಗೆ ಅದನ್ನೇ ಹೇಳಿದೆನು. ಇದು ಅರ್ಧ ಮಾತ್ರ ಸತ್ಯ. ಹೇಗೆಂಬದನ್ನು ನನಗೆ ಪರಿಚಿತವಾದ ಶಾಲೆಯ ಬಯಲಿನ ದೃಷ್ಟಾಂತದಿಂದಲೇ ವಿವರಿಸುತ್ತೇನೆ.

ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಸಾಲುಸಾಲಾಗಿ ನಿಲ್ಲುತ್ತಾರೆ. ಪ್ರತಿಯೊಬ್ಬನಿಗೂ ತನ್ನ ಸ್ಥಳವುಂಟು. ನಿಂತಲ್ಲಿಯೇ ಕಾಲು ಕುಣಿಸಬಹುದು, ಆದರೆ ಸಾಲು ಬಿಡುವಂತಿಲ್ಲ. ಘನಪದಾರ್ಥದಲ್ಲಿ ಪರಮಾಣುಗಳ ಸ್ಥಿತಿಯು ಹೀಗೆಯೇ ಇರುವದು. ಬಿಡುವಿನ ಗಂಟೆ ಬಾರಿಸಿತೆನ್ನಿರಿ: ಸಾಲು ಮುರಿಯುತ್ತದೆ, ಮಕ್ಕಳು ಬಯಲಿನಲ್ಲೆಲ್ಲ ಒಬ್ಬರಿಗೊಬ್ಬರು ತಾಗಿಕೊಂಡೇ ಓಡಾಡುತ್ತಾರೆ, ಆದರೆ ಯಾರೂ ಗೇಟು ದಾಟಿ ಹೋಗಿಲ್ಲ. ಇದು ದ್ರವ. ಸಾಯಂಕಾಲದ ಗಂಟೆಯಾದಾಗ ಮಾತ್ರ ಗೇಟು ತೆರೆದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ, ಇದು ಉಗಿ. ಹಾಗಾದರೆ ಕರಗುವದೆಂದರೆ ಸಾಲು ಮುರಿಯುವದೇ ಹೊರತು ಸಂಗ ಬಿಡುವದಲ್ಲ. ಸಂಗ ಬಿಡುವದು ಕುದಿಯುವಾಗ.

ಈಗ ತಾಮ್ರ ಮತ್ತು ತವರ ಇವೆರಡನ್ನು ಹೋಲಿಸಿ ನೋಡಿರಿ. ತಾಮ್ರವು ೧೦೮೫ಕ್ಕೆ ಕರಗುವದು, ತವರವು ೨೩೨ಕ್ಕೆ. ಕುದಿಯುವ ಉಷ್ಣವನ್ನು ನೋಡಿದರೋ ಆಶ್ಚರ್ಯವಾಗುತ್ತದೆ: ಎರಡೂ ಸುಮಾರು ೨೬೦೦ ಅಂಶದ ಆಸುಪಾಸಿನಲ್ಲಿಯೇ ಕುದಿಯುತ್ತವೆ! ತವರದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಲವು ತಾಮ್ರದ ಬಲಕ್ಕೆ ಬಹಳವೇನೂ ಕಡಿಮೆಯದಲ್ಲ. ಕಡಿಮೆಯಿರುವದು ಸಾಲಿನ ಮೇಲಿನ ಪ್ರೀತಿ. ತಾಮ್ರದ ಸಾಲಿನಲ್ಲಿ ಪ್ರತಿಯೊಂದು ಪರಮಾಣುವಿಗೂ ಸಮದೂರದಲ್ಲಿ ಹನ್ನೆರಡು ನೆರೆಯವರು. ಇಷ್ಟು ಅನುಕೂಲವಾದ ಸ್ಥಾನವನ್ನು ಬಿಡಲು ಮನಸ್ಸು ಬಾರದು. ತವರದ ಸಾಲು ವಿಚಿತ್ರವಾದದ್ದು. ಅಲ್ಲಿ ಒಂದು ಪರಮಾಣುವಿಗೆ ನಿಕಟವಾದ ನೆರೆಯವರು ನಾಲ್ವರೇ, ತುಸು ದೂರದಲ್ಲಿ ಇನ್ನಿಬ್ಬರು. ಸಾಲು ಮುರಿದು ದ್ರವವಾದರೆ ಸುತ್ತಲಿನ ನೆರೆ ಹೆಚ್ಚುವದೇ ಹೊರತು ಕುಂದುವದಿಲ್ಲ. ಕಳೆದುಕೊಳ್ಳುವದು ಅಲ್ಪವಾದ್ದರಿಂದ ಅಲ್ಪ ಉಷ್ಣಕ್ಕೇ ಅದು ಒಪ್ಪಿಕೊಳ್ಳುತ್ತದೆ.

ಆದಕಾರಣ ಲೋಹವು ಬೇಗ ಕರಗಲು ಮುಖ್ಯವಾಗಿ ಎರಡು ಕಾರಣಗಳಿರಬಹುದು. ಹಿಡಿತವೇ ಸಡಿಲವಾಗಿರುವದು ಒಂದು. ಹಿಡಿತವು ಬಿಗಿಯಾಗಿದ್ದರೂ ಸಾಲು ಅನನುಕೂಲವಾಗಿರುವದು ಮತ್ತೊಂದು.

ಹಿಡಿತವೂ ಸಾಲೂ

ಹಿಡಿತವು ಎಲ್ಲಿಂದ ಬರುವದು? ಪ್ರತಿಯೊಂದು ಪರಮಾಣುವಿನ ನಡುವೆ ಧನವಿದ್ಯುತ್ತಿನ ಬೀಜವೂ ಅದರ ಸುತ್ತಲೂ ಎಲೆಕ್ಟ್ರಾನ್‌ಗಳೆಂಬ ಋಣವಿದ್ಯುತ್ತಿನ ಕಣಗಳೂ ಇರುತ್ತವೆ. ಲೋಹಗಳಲ್ಲಿ ಹೊರಗಿನ ಕೆಲವು ಎಲೆಕ್ಟ್ರಾನ್‌ಗಳು ಒಂದೇ ಪರಮಾಣುವಿಗೆ ಅಂಟಿಕೊಂಡಿರದೆ ಸಮುದಾಯದ ಸ್ವತ್ತಾಗುತ್ತವೆ. ಊರವರೆಲ್ಲ ಧಾನ್ಯ ಹಾಕಿ ನಡೆಸುವ ದಾಸೋಹದಂತೆ, ಎಲ್ಲ ಪರಮಾಣುಗಳು ಕೊಟ್ಟ ಎಲೆಕ್ಟ್ರಾನ್‌ಗಳ ಈ ಭಂಡಾರವೇ ಅವುಗಳನ್ನು ಒಟ್ಟಿಗೆ ಕಟ್ಟಿರುವದು. ಹೆಚ್ಚು ಕೊಟ್ಟಲ್ಲಿ ಕಟ್ಟು ಬಿಗಿ. ಕಡಿಮೆ ಕೊಟ್ಟಲ್ಲಿ ಸಡಿಲು.

ಟಂಗ್‌ಸ್ಟನ್ ಪರಮಾಣುವು ಆರು ಎಲೆಕ್ಟ್ರಾನ್‌ಗಳನ್ನು ಕೊಡುವದು. ಆದ್ದರಿಂದಲೇ ಅದರ ಹಟ. ಸೋಡಿಯಮ್ ಕೊಡುವದು ಒಂದೇ ಒಂದು; ಮೇಲಾಗಿ ಅದರ ಪರಮಾಣುವು ಗಾತ್ರದಲ್ಲಿ ದೊಡ್ಡದಾದ್ದರಿಂದ ಆ ಒಂದರ ಬಂಧವೂ ದೂರದ್ದು. ಆದುದರಿಂದ ಸೋಡಿಯಮ್ಮನ್ನು ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದು. ಸೀಸದಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ನಾಲ್ಕಿದ್ದರೂ ಅವುಗಳಲ್ಲಿ ಎರಡು ಹೆಚ್ಚಾಗಿ ಮನೆ ಬಿಟ್ಟು ಹೊರಬರುವದಿಲ್ಲ. ಕಟ್ಟು ಅಷ್ಟರ ಮಟ್ಟಿಗೆ ಸಡಿಲು. ಇವೆಲ್ಲ ಮೊದಲನೆಯ ಕಾರಣಕ್ಕೆ ಉದಾಹರಣೆಗಳು.

ಎರಡನೆಯದಕ್ಕೆ ತವರದ ಹೊರತಾಗಿ ಅತ್ಯುತ್ತಮ ಉದಾಹರಣೆ ಗ್ಯಾಲಿಯಮ್. ಈ ಲೋಹದ ಚರಿತ್ರೆಯಲ್ಲಿ ನಮ್ಮ ಸಂಸ್ಕೃತದ ಒಂದು ಶಬ್ದವೂ ಸೇರಿಕೊಂಡಿದೆ. ರಶಿಯಾದ ಮೆಂಡಲೀವ್ ಎಂಬ ರಸಾಯನಶಾಸ್ತ್ರಜ್ಞನು ಮೂಲವಸ್ತುಗಳ ಕೋಷ್ಟಕವನ್ನು ರಚಿಸುವಾಗ ಕೆಲವು ಮನೆಗಳು ಬರಿದಾಗಿ ಉಳಿದವು. ಇನ್ನೂ ದೊರೆಯದ ವಸ್ತುಗಳು ಅಲ್ಲಿ ಬಂದು ಕೂಡುವವೆಂದು ಹೇಳಿ, ಅಲ್ಯುಮಿನಿಯಮ್ಮಿನ ಕೆಳಗಿನ ಮನೆಯ ವಸ್ತುವಿಗೆ ೧೮೭೧ರಲ್ಲಿ ಏಕ-ಅಲ್ಯುಮಿನಿಯಮ್ ಎಂದು ಹೆಸರಿಟ್ಟನು. ಈ 'ಏಕ' ಎಂಬದು ನಮ್ಮ ಏಕ, ದ್ವಿ, ತ್ರಿಗಳಲ್ಲಿಯ ಏಕವೇ. ನಾಲ್ಕು ವರ್ಷಗಳಲ್ಲಿ, ಅಂದರೆ ೧೮೭೫ರಲ್ಲಿ, ಫ್ರಾನ್ಸ್ ದೇಶದ ಲೆಕಾಕ್ ದ ಬ್ವಾಬೊದ್ರಾನ್ ಎಂಬವನು ಆ ವಸ್ತುವನ್ನು ಕಂಡುಹಿಡಿದು ಗ್ಯಾಲಿಯಮ್ ಎಂದು ಕರೆದನು. ಜನ್ಮಕ್ಕೆ ಮೊದಲೇ ನಾಮಕರಣವಾದ ಲೋಹವಿದು!

ಗ್ಯಾಲಿಯಮ್ಮಿನ ಘನರೂಪದಲ್ಲಿ ಪರಮಾಣುಗಳು ಜೋಡಿಜೋಡಿಯಾಗಿ ಅಂಟಿಕೊಂಡಿರುತ್ತವೆ. ಪ್ರಾರ್ಥನೆಯ ಸಾಲಿನಲ್ಲಿ ಇಬ್ಬಿಬ್ಬರು ಹೆಗಲ ಮೇಲೆ ಕೈಹಾಕಿಕೊಂಡೇ ನಿಲ್ಲುವೆವೆಂದು ಹಟಹಿಡಿದರೆ ಸಾಲು ಹೇಗೆ ಸೊಟ್ಟಾಗುವದೋ, ನಡುನಡುವೆ ಹೇಗೆ ಸಂದು ಬೀಳುವದೋ, ಹಾಗೆಯೇ ಇದೂ. ಸ್ವಲ್ಪ ಉಷ್ಣ ತಾಗಿದರೆ ಈ ಸೊಟ್ಟ ಸಾಲು ಮುರಿದು ಎಲ್ಲರೂ ಕೂಡಿಕೊಳ್ಳುತ್ತಾರೆ. ಆದ್ದರಿಂದಲೇ ಗ್ಯಾಲಿಯಮ್ ಕರಗಿದಾಗ ಉಬ್ಬುವದಿಲ್ಲ, ನೀರ್ಗಲ್ಲಿನಂತೆ ಕುಗ್ಗುತ್ತದೆ. ಹೀಗೆ ಅಂಗೈಯ ಬಿಸಿಗೆ ಕರಗಿದ ಈ ಲೋಹವನ್ನು ಕುದಿಸಬೇಕಾದರೆ ಮಾತ್ರ ಎರಡು ಸಾವಿರ ಅಂಶಗಳಿಗೂ ಮೀರಿದ ಉಷ್ಣವು ಬೇಕು. ಬೇಗ ಕರಗಿತೆಂದ ಮಾತ್ರಕ್ಕೆ ಅದನ್ನು ಬಲಹೀನವೆನ್ನುವದು ಹೇಗೆ?

ಪಾದರಸದ ರಹಸ್ಯ

ಅಮರಕೋಶದಲ್ಲಿ ಪಾದರಸಕ್ಕೆ ಹೇಳಿದ ಹೆಸರುಗಳಲ್ಲಿ 'ಚಪಲ' ಎಂಬದೊಂದು. ಒಂದೆಡೆ ನಿಲ್ಲದ ಈ ಲೋಹಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಆದರೆ ಪಾದರಸದ ಚಾಪಲ್ಯಕ್ಕೆ ಕಾರಣವು ಅದರ ಜಿಪುಣತನ. ಅದರ ಹೊರಗಿನ ಎರಡು ಎಲೆಕ್ಟ್ರಾನ್‌ಗಳು ಪರಮಾಣುವಿಗೆ ಬಿಗಿಯಾಗಿ ಅಂಟಿಕೊಂಡಿದ್ದು, ಸಮುದಾಯದ ಭಂಡಾರಕ್ಕೆ ಸುಲಭವಾಗಿ ಬರುವದಿಲ್ಲ. ಕೊಡುವವರಿಲ್ಲದ ಊರಲ್ಲಿ ದಾಸೋಹವೆಲ್ಲಿಯದು? ಆದ್ದರಿಂದ ಪಾದರಸದಲ್ಲಿ ಹಿಡಿತವೇ ಸಡಿಲು. ಅದು ೩೫೭ ಅಂಶಕ್ಕೆ ಕುದಿದೂ ಬಿಡುವದು.

ಈ ಜಿಪುಣತನವು ಎಲ್ಲಿಂದ ಬಂದಿತೆಂಬದನ್ನು ಶೋಧಿಸಿದವರು ಐನ್‌ಸ್ಟೈನನ ಬಾಗಿಲಿಗೆ ಬಂದು ನಿಂತರು. ಪಾದರಸದ ಬೀಜದಲ್ಲಿ ೮೦ ಧನವಿದ್ಯುತ್ಕಣಗಳಿವೆ. ಅಷ್ಟು ಪ್ರಬಲವಾದ ಬೀಜದ ಸಮೀಪದಲ್ಲಿಯ ಎಲೆಕ್ಟ್ರಾನ್‌ಗಳ ವೇಗವು ಬೆಳಕಿನ ವೇಗದ ಅರ್ಧಕ್ಕೂ ಮೀರಿದ್ದು. ಅಂಥ ವೇಗದಲ್ಲಿ, ೧೯೦೫ರಲ್ಲಿ ಪ್ರಕಟವಾದ ಸಾಪೇಕ್ಷತಾ ಸಿದ್ಧಾಂತಕ್ಕನುಸಾರವಾಗಿ, ಕಣವು ಹೆಚ್ಚು ಭಾರವಾದಂತೆ ವರ್ತಿಸುವದು. ಅದರ ಸಂಚಾರದ ಆವರಣವು ಒಳಕ್ಕೆ ಕುಗ್ಗುವದು. ಬೀಜದ ಹತ್ತಿರಕ್ಕೂ ಸುಳಿದು ಬರುವ ಸ್ವಭಾವದ ಆ ಹೊರಗಿನ ಜೋಡಿಯೂ ಅದರಂತೆ ಒಳಸೆಳೆಯಲ್ಪಡುವದು. ನ್ಯೂಜಿಲೆಂಡಿನ ಪೀಟರ್ ಶ್ವೆರ್ಟ್‌ಫೆಗರ್ ಹಾಗೂ ಅವರ ಸಹೋದ್ಯೋಗಿಗಳು ೨೦೧೩ರಲ್ಲಿ ಗಣಕಯಂತ್ರದಿಂದ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಈ ಪ್ರಭಾವವು ಇಲ್ಲದೆ ಇದ್ದಿದ್ದರೆ ಪಾದರಸವು ಈಗಿನದಕ್ಕಿಂತ ಸುಮಾರು ೧೦೫ ಅಂಶ ಹೆಚ್ಚಿನ ಉಷ್ಣಕ್ಕೆ ಕರಗುತ್ತಿತ್ತು. ಅಂದರೆ ನಮ್ಮ ಮನೆಯ ಶೀತೋಷ್ಣದಲ್ಲಿ ಅದು ಸೀಸದಂತೆ ಗಟ್ಟಿಯಾದ ತುಂಡಾಗಿ ಬಿದ್ದಿರುತ್ತಿತ್ತು. ಜ್ವರಮಾಪಕದ ಕೊಳವೆಯಲ್ಲಿ ಏರಿ ಇಳಿಯುತ್ತಿರಲಿಲ್ಲ. ಆಕಾಶದ ಗ್ರಹಗತಿಗಳಿಗೆ ಮಾತ್ರ ಬೇಕೆಂದು ನಾವು ತಿಳಿದಿದ್ದ ಸಿದ್ಧಾಂತವು ರೋಗಿಯ ನಾಲಗೆಯ ಕೆಳಗೆ ಕೆಲಸ ಮಾಡುತ್ತಿದ್ದಿತು.

ಯೋಗೇಷ್ಟ

ಇನ್ನು ಮಿಶ್ರಣಗಳ ಮಾತು. ಶಿಷ್ಯನು ನನ್ನನ್ನೂ ಮೊಮ್ಮಗಳನ್ನೂ ತಾನು ಕೆಲಸ ಮಾಡುವ ಸ್ಥಳಕ್ಕೆ ಕರೆದೊಯ್ದನು. ಅಲ್ಲಿ ಅವನು ತೆಳುವಾದ ಬೆಸುಗೆಯ ತಂತಿಯನ್ನು ಕಾದ ಕಡ್ಡಿಯ ತುದಿಗೆ ತಾಗಿಸಿದನು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಳ್ಳಿಯ ಹನಿಯೊಂದು ಜಾರಿ ತಾಮ್ರದ ಎರಡು ತಂತಿಗಳನ್ನು ಒಂದಾಗಿಸಿತು. "ಇದು ತವರನೂ ಸೀಸನೂ ಕೂಡಿದ್ದು, ಗುರುಗಳ. ತವರಕ್ಕ ೨೩೨ ಬೇಕು, ಸೀಸಕ್ಕ ೩೨೭ ಬೇಕು. ಎರಡೂ ಕೂಡಿದ್ರ ೧೮೩ಕ್ಕ ನೀರಾಗತಾವ" ಎಂದನು.

ಎರಡರ ಮಿಶ್ರಣವು ಎರಡಕ್ಕಿಂತಲೂ ಕಡಿಮೆ ಉಷ್ಣಕ್ಕೆ ಕರಗುವದೆಂಬದು ವಿಲಕ್ಷಣವಾಗಿ ಕಾಣಬಹುದು. ಆದರೆ ಮನೆಯಲ್ಲಿ ಕೈಯಿಂದ ತಿರುವುವ ಪಾತ್ರೆಯಲ್ಲಿ ಐಸ್‌ಕ್ರೀಮ್ ಮಾಡಿದ ತಾಯಂದಿರಿಗೆ ಇದು ಹೊಸದಲ್ಲ. ನೀರ್ಗಲ್ಲಿಗೆ ಉಪ್ಪು ಹಾಕಿದರೆ ಅದು ಸೊನ್ನೆಗಿಂತ ಕೆಳಗೂ ಕರಗುತ್ತ ಹೋಗುವದು. ಕಾರಣವೂ ಅದೇ. ಬೇರೆ ಬೇರೆ ಎತ್ತರದ ಎರಡು ಶಾಲೆಗಳ ಮಕ್ಕಳನ್ನು ಒಂದೇ ಸಾಲಿನಲ್ಲಿ ಒಪ್ಪವಾಗಿ ನಿಲ್ಲಿಸುವದು ಕಷ್ಟ. ಬಯಲಿನಲ್ಲಿ ಆಡಲು ಬಿಟ್ಟರೆ ಮಾತ್ರ ಅವರು ಲೀಲಾಜಾಲವಾಗಿ ಬೆರೆಯುತ್ತಾರೆ. ತವರ ಸೀಸಗಳು ದ್ರವದಲ್ಲಿ ಯಥೇಚ್ಛವಾಗಿ ಬೆರೆಯುತ್ತವೆ, ಘನದಲ್ಲಿ ಪ್ರತ್ಯೇಕ ಸಾಲುಗಳನ್ನೇ ಕಟ್ಟಬೇಕಾಗುತ್ತದೆ. ಆದ್ದರಿಂದ ದ್ರವವಾಗಿರುವದೇ ಅವುಗಳಿಗೆ ಹಿತ. ನೂರರಲ್ಲಿ ೬೩ ಪಾಲು ತವರ, ೩೭ ಪಾಲು ಸೀಸವಿರುವಾಗ ಈ ಗುಣವು ಪರಮಾವಧಿಗೆ ಮುಟ್ಟುವದು. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಮ್ ಈ ನಾಲ್ಕನ್ನೂ ಕೂಡಿಸಿದ ವುಡ್ ಲೋಹವೆಂಬದು ಸುಮಾರು ೭೦ ಅಂಶಕ್ಕೇ, ಅಂದರೆ ಚಹಾ ಮಾಡುವ ಬಿಸಿನೀರಿನಲ್ಲಿಯೇ, ಕರಗಿಬಿಡುವದು.

ಈ ಬೆಸುಗೆಯನ್ನು ಕಂಡಾಗ ನನಗೆ ಅಮರಕೋಶದ ಇನ್ನೊಂದು ಶಬ್ದವು ಹೊಳೆಯಿತು. ಸೀಸಕ್ಕೆ ಅಲ್ಲಿ 'ಯೋಗೇಷ್ಟ' ಎಂಬ ಹೆಸರುಂಟು. ಯೋಗವೆಂದರೆ ಕೂಡಿಸುವದು, ಕೂಡಿಸುವಲ್ಲಿ ಇಷ್ಟವಾದದ್ದು ಯೋಗೇಷ್ಟ. ಬಾಲ್ಯದಲ್ಲಿ ಕಂಠಪಾಠ ಮಾಡಿ, ಮುಂದೆ ನೂರಾರು ಮಕ್ಕಳಿಗೆ ಹೇಳಿಕೊಟ್ಟ ಈ ಶಬ್ದದ ಅರ್ಥವು ಅರವತ್ತರ ಪ್ರಾಯದಲ್ಲಿ, ಶಿಷ್ಯನ ಕೈಯ ತುದಿಯಲ್ಲಿ ನನಗೆ ಪ್ರತ್ಯಕ್ಷವಾಯಿತು. ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿಯೂ ಯಜ್ಞದ ಲೋಪವನ್ನು ಸರಿಪಡಿಸುವದಕ್ಕೆ ದೃಷ್ಟಾಂತವಾಗಿ ಒಂದು ಲೋಹದಿಂದ ಮತ್ತೊಂದನ್ನು ಸಂಧಾನ ಮಾಡುವ ವಿಷಯವು ಬಂದಿದೆ. ತವರ ಸೀಸಗಳ ಹೆಸರು ಅಲ್ಲಿಯೂ ಇದೆ. ಕೂಡಿಸುವವನು ತಾನು ಮೊದಲು ಕರಗಬೇಕೆಂಬದು ಕಮ್ಮಾರರಿಗೂ ಅಕ್ಕಸಾಲಿಗರಿಗೂ ಯಾವಾಗಲೂ ತಿಳಿದ ಮಾತು.

ಮೊದಲು ಕರಗಿ ಕಾಯುವದು

ಈಗ ಕುಕ್ಕರಿಗೆ ಮರಳಿ ಬರೋಣ. ಅದಕ್ಕೆ ಮೊದಲು ಅದರ ಗುಂಡಿಯ ಪೂರ್ವಜನ ಕಥೆಯನ್ನು ಹೇಳಬೇಕು.

ಇಂಗ್ಲಂಡಿನ ರಿಚರ್ಡ್ ಟ್ರೆವಿಥಿಕ್ ಎಂಬವನು ಹೆಚ್ಚಿನ ಒತ್ತಡದ ಉಗಿಯಂತ್ರಗಳನ್ನು ನಿರ್ಮಿಸಿದವನು. ೧೮೦೩ರಲ್ಲಿ ಗ್ರಿನಿಚ್ ಎಂಬಲ್ಲಿ ಅವನ ಒಂದು ಯಂತ್ರದ ಬಾಯ್ಲರು ಸಿಡಿದು ಕೆಲಸದವರು ಮೃತರಾದರು. ಯಂತ್ರವನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗನು ಮೀನು ಹಿಡಿಯಲು ಹೋಗಿದ್ದನಂತೆ. ರಘುವಂಶ ಹಿಡಿದು ಕುಳಿತ ನನಗೆ ಆ ಹುಡುಗನನ್ನು ಜರೆಯುವ ಅಧಿಕಾರವಿಲ್ಲ. ಟ್ರೆವಿಥಿಕನು ಆ ಬಳಿಕ ಒಂದು ಉಪಾಯವನ್ನು ಹೂಡಿದನು. ಬಾಯ್ಲರಿನಲ್ಲಿ ನೀರು ಯಾವ ಮಟ್ಟಕ್ಕಿಂತ ಕೆಳಗಿಳಿಯಬಾರದೋ ಆ ಮಟ್ಟದಲ್ಲಿ ಸೀಸದ ಒಂದು ಬೆಣೆಯನ್ನು ಬಡಿದನು. ಮೇಲೆ ನೀರಿರುವ ತನಕ ಸೀಸವು ತಂಪಾಗಿಯೇ ಉಳಿಯುವದು. ನೀರಿಳಿದರೆ ಉರಿಯ ತಾಪಕ್ಕೆ ಅದೇ ಮೊದಲು ಕರಗಿ, ಉಗಿಯು ಆ ದಾರಿಯಿಂದ ಹೊರಬಿದ್ದು ಎಚ್ಚರಿಸುವದು. ಮುಂದೆ ರೇಲ್ವೆಯ ಉಗಿ ಎಂಜಿನ್ನುಗಳಲ್ಲಿ, ಉರಿಗೂಡಿನ ಮೇಲ್ತಗಡಿಗೆ ಇಂಥ ಬೆಣೆಯನ್ನು ಕೂಡ್ರಿಸುವ ರೂಢಿಯು ಬೆಳೆಯಿತು. ೧೮೮೫ರಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ತೆರೆದಂದಿನಿಂದ ಈ ಭಾಗದ ಎಷ್ಟೋ ಕುಟುಂಬಗಳ ಅನ್ನವು ಆ ಎಂಜಿನ್ನುಗಳ ದುರಸ್ತಿಯಿಂದ ನಡೆದಿದೆ. ಬಾಲ್ಯದಲ್ಲಿ ಧಾರವಾಡದ ನಿಲ್ದಾಣದಲ್ಲಿ ಬುಸುಗುಟ್ಟುವ ಎಂಜಿನ್ನನ್ನು ಬೆರಗಿನಿಂದ ನೋಡಿದ ನಮಗೆ, ಅದರ ಹೊಟ್ಟೆಯೊಳಗೆ ಹೆಬ್ಬೆಟ್ಟಿನಷ್ಟು ಸೀಸವು ಕಾವಲಿಗೆ ಕುಳಿತಿರುತ್ತದೆಂಬ ಕಲ್ಪನೆ ಎಲ್ಲಿಂದ ಬರಬೇಕು?

ಕುಕ್ಕರಿನ ಗುಂಡಿಯು ಈ ವಂಶದ್ದೇ. ಕುಕ್ಕರಿನಲ್ಲಿ ನೀರಿದ್ದು ಸೀಟಿಯ ದಾರಿಯು ತೆರೆದಿರುವ ವರೆಗೆ ಒಳಗಿನ ಉಷ್ಣವು ಸುಮಾರು ೧೨೦ ಅಂಶವನ್ನು ದಾಟುವದಿಲ್ಲ. ನೀರು ಬತ್ತಿದರೆ, ಅಥವಾ ಬೇಳೆಯ ಸಿಪ್ಪೆ ಸಿಕ್ಕು ಸೀಟಿಯ ದಾರಿಯು ಕಟ್ಟಿದರೆ, ಉಷ್ಣವು ಏರತೊಡಗುವದು. ಆಗ ತುಸು ಮೇಲಿನ ಉಷ್ಣಕ್ಕೆ ಕರಗುವಂತೆ ಬೆರೆಸಿಟ್ಟ ಮಿಶ್ರಲೋಹವು ತಾನು ಕರಗಿ ದಾರಿ ಮಾಡಿಕೊಡುವದು. ಅದರ ಸ್ಥಳದಲ್ಲಿ ನಾನು ಹೊಡೆದ ಹಿತ್ತಾಳೆಯ ಮೊಳೆಯು ಕರಗಲು ಒಂಬೈನೂರಕ್ಕೂ ಹೆಚ್ಚು ಅಂಶಗಳು ಬೇಕು. ಅದು ಕರಗುವ ಮೊದಲೇ ಕುಕ್ಕರು ಸಿಡಿಯುತ್ತಿತ್ತು. ಒಲೆಯ ಮುಂದೆ ನಿಂತವರ ಗತಿಯೇನಾಗುತ್ತಿತ್ತೆಂಬದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಆ ಎರಡು ಮೂರು ದಿನ ಒಲೆಯ ಮುಂದೆ ನಿಂತವಳು ನನ್ನ ಪತ್ನಿ. ಪಕ್ಕದಲ್ಲಿ ನಿಂತು ಸೀಟಿ ಎಣಿಸಿದವಳು ನನ್ನ ಮೊಮ್ಮಗಳು.

ವಿದ್ಯುತ್ತಿನ ಫ್ಯೂಜ್ ತಂತಿಯ ಧರ್ಮವೂ ಇದೇ. ಹಳೆಯ ಮನೆಗಳಲ್ಲಿ ಚೀನೀಮಣ್ಣಿನ ಹಿಡಿಕೆಯೊಳಗಿನ ಆ ತೆಳುವಾದ ತಂತಿಯು ಹೆಚ್ಚಿನ ವಿದ್ಯುತ್ ಹರಿದಾಗ ಕರಗಿ, ಗೋಡೆಯೊಳಗಿನ ತಂತಿಗಳಿಗೆ ಬೆಂಕಿ ಹತ್ತದಂತೆ ತಡೆಯುವದು. ಮೇಲಿಂದ ಮೇಲೆ ಹೋಗುತ್ತದೆಂದು ಬೇಸತ್ತು ದಪ್ಪ ತಾಮ್ರದ ತಂತಿಯನ್ನು ಸುತ್ತುವವರು ಊರಿಗೊಬ್ಬರಿದ್ದಾರೆ. ಅವರು ನನ್ನ ಸಗೋತ್ರಜರು.

ಎರಡು ಎಚ್ಚರಿಕೆಗಳು

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ತಾಮ್ರ ಹಿತ್ತಾಳೆಗಳ ಪಾತ್ರೆಗೆ ಕಲಾಯಿ ಹಾಕುವವನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒರೆಸುವದನ್ನು ನಮ್ಮ ಪ್ರಾಯದವರೆಲ್ಲ ನೋಡಿದ್ದೇವೆ. ಪಾತ್ರೆಗೆ ಏನೂ ಆಗದೆ ತವರವು ಕರಗಿ ಹರಡುವದಕ್ಕೆ ಕಾರಣವು ಈಗ ವಾಚಕರಿಗೆ ತಿಳಿದೇ ಇದೆ. ಆ ತವರವು ಶುದ್ಧವಾಗಿರಬೇಕು. ಅಗ್ಗವೆಂದು ಸೀಸವನ್ನು ಬೆರೆಸಿದರೆ ಹುಳಿಯ ಪದಾರ್ಥದೊಡನೆ ಸೀಸವು ಹೊಟ್ಟೆಗೆ ಸೇರುವದು. ಅದು ವಿಶೇಷವಾಗಿ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವದು. ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಮೇಲಾಗಿ, ಕಲಾಯಿಯ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಇಡಬಾರದು. ಒಳಗೆ ನೀರೋ ಸಾರೋ ಇದ್ದರೆ ಉಷ್ಣವು ೧೦೦ರ ಬಳಿಯೇ ನಿಲ್ಲುವದು. ಬರಿದಾದರೆ ೨೩೨ಕ್ಕೆ ಏರಲು ತಡವಾಗದು.

ಎರಡನೆಯದು ಪಾದರಸ. ಒಡೆದ ಜ್ವರಮಾಪಕದ ಮಣಿಗಳನ್ನು ಅಂಗೈಯಲ್ಲಿ ಉರುಳಾಡಿಸಿ ಆಡಿದವರು ನಾವು. ಅದರ ಆವಿಯು ವಿಷವೆಂಬದು ನಮಗಾರಿಗೂ ಹೇಳಲ್ಪಟ್ಟಿರಲಿಲ್ಲ. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾತಾ ಒಪ್ಪಂದವು ೨೦೧೩ರಲ್ಲಿ ಅಂಗೀಕೃತವಾಗಿ, ೨೦೧೮ರಲ್ಲಿ ಭಾರತವೂ ಅದನ್ನು ಅನುಮೋದಿಸಿದೆ. ಹಳೆಯ ಜ್ವರಮಾಪಕವು ಇನ್ನೂ ಮನೆಯಲ್ಲಿದ್ದು ಒಡೆದರೆ, ಮಕ್ಕಳನ್ನು ದೂರವಿಟ್ಟು, ಕಿಟಕಿಗಳನ್ನು ತೆರೆದು, ಕಸಬರಿಗೆಯಿಂದ ಗುಡಿಸದೆ, ಬರಿಗೈ ತಾಗಿಸದೆ, ದಪ್ಪ ಕಾಗದದ ಅಂಚಿನಿಂದ ಮಣಿಗಳನ್ನು ಕೂಡಿಸಿ ಮುಚ್ಚಳದ ಸೀಸೆಯಲ್ಲಿ ಹಾಕತಕ್ಕದ್ದು.

ಪೂತಿಲೋಹ

ರಸರತ್ನಸಮುಚ್ಚಯವೆಂಬ ಗ್ರಂಥದಲ್ಲಿ ಬಂಗಾರ, ಬೆಳ್ಳಿ, ತಾಮ್ರ, ಕಬ್ಬಿಣಗಳನ್ನು ಶುದ್ಧಲೋಹಗಳೆಂದೂ ಸೀಸ ತವರಗಳನ್ನು ಪೂತಿಲೋಹಗಳೆಂದೂ ವಿಭಾಗಿಸಿದ್ದಾರೆ. ಪೂತಿ ಎಂದರೆ ದುರ್ಗಂಧವುಳ್ಳದ್ದು. ನಾನು ಮೊಮ್ಮಗಳಿಗೆ ಹೀನ ಲೋಹವೆಂದು ಹೇಳಿದಾಗ ನನ್ನ ನಾಲಗೆಯ ಮೇಲೆ ಇದ್ದದ್ದು ಬಹುಶಃ ಈ ಪಾಠವೇ. ಗ್ರಂಥಕಾರರ ವಿಭಾಗಕ್ಕೆ ಅವರದೇ ಆದ ಕಾರಣಗಳಿದ್ದವು. ಆದರೆ ಹೆಸರನ್ನು ಕೇಳಿ ವಸ್ತುವಿನ ಯೋಗ್ಯತೆಯನ್ನು ನಿರ್ಣಯಿಸಿದ್ದು ನನ್ನ ತಪ್ಪು. ರುದ್ರಾಧ್ಯಾಯದೊಡನೆ ನಾವು ಹೇಳುವ ಚಮಕದಲ್ಲಿ ಋಷಿಯು ಬಂಗಾರವನ್ನು ಬೇಡುವಲ್ಲಿಯೇ ಸೀಸವನ್ನೂ ತವರವನ್ನೂ ಬೇಡಿದ್ದಾನೆಂಬದು ಆಗ ನನಗೆ ನೆನಪಾಗಲಿಲ್ಲ.

ಮೊನ್ನೆ ಮೊಮ್ಮಗಳನ್ನು ಕರೆದು, "ಕೂಸ, ಅವತ್ತು ನಾ ತಪ್ಪು ಹೇಳಿದ್ದೆ" ಎಂದು ಸಾಲಿನ ಕಥೆಯನ್ನೂ ನೆರೆಯವರ ಕಥೆಯನ್ನೂ ಹೇಳಿದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ಅದು ಸೋತದ್ದಲ್ಲ, ಅಜ್ಜಾ, ಅದರ ಕೆಲಸಾನ ಅದು" ಎಂದಳು. ನಾನು ಇಷ್ಟು ಪುಟಗಳಲ್ಲಿ ಹೇಳಲು ಹೆಣಗಿದ್ದು ಅವಳ ಒಂದು ಮಾತಿನಲ್ಲಿ ಮುಗಿಯಿತು.

ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ಇಂದು ಸಾಯಂಕಾಲ ಅಡಿಗೆಮನೆಗೆ ಹೋಗಿ ಕುಕ್ಕರಿನ ಮುಚ್ಚಳವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಗುಂಡಿಯು ಹಳೆಯದಾಗಿದ್ದರೆ ಅದೇ ಕುಕ್ಕರಿಗೆ ಸಲ್ಲುವ ಹೊಸದನ್ನು ಹಾಕಿಸಿರಿ. ಯಾರಾದರೂ ಜಾಣರು ಅಲ್ಲಿ ಮೊಳೆ ಹೊಡೆದಿದ್ದರೆ, ದಯವಿಟ್ಟು ಕಿತ್ತುಬಿಡಿರಿ.